ಕೊಟ್ಟಿಗೆ ಬಾಗಿಲ ಒಣಹಾರ

ಮಾವ ತೀರಿಕೊಂಡ ಹನ್ನೊಂದನೆಯ ದಿನ ನೆಂಟರ ಪೈಕಿ ಹಿರಿಯರೊಬ್ಬರು ನಮ್ಮ ಹಿತ್ತಲಿನ ಚೆಂಡು ಹೂವಿನ ಗಿಡಗಳನ್ನು ನೋಡಿ, “ಇನ್ನು ನಿಂಗ್ಯಾಕವ್ವ ಹೂವು? ಕಿತ್ತಾಕ್ಬುಟ್ಟು ನಾಕು ಮೆಣಸಿನ ಗಿಡ ಮಡಿಕೊ” ಅಂದರಂತೆ.

“ಮುಡೀಬ್ಯಾಡ ಅಂದ್ರಿ, ಸರಿ. ಬೆಳೀಲೂ ಬ್ಯಾಡ ಅನ್ನಕ್ಕೆ ಇದೇನು ನಿಮ್ಮ ಹಿತ್ಲಾ?” ಎಂದರಂತೆ ನಮ್ಮತ್ತೆ ಪುಟ್ಟಬಸಮ್ಮ.

ಇದನ್ನು ನನಗೆ ಹೇಳಿದ್ದು ನನ್ನ ಗಂಡ ಮೃತ್ಯುಂಜಯ. ಆಗ ಅವರಿಗೆ ಹದಿನಾಲ್ಕು ವರ್ಷ. ಅವ್ವನ ದನಿಗೆ ಬಂದವರಿಗಿಂತ ತಾನೇ ಹೆಚ್ಚು ಹೆದರಿದ್ದೆ ಎನ್ನುತ್ತಾರೆ.

ಆ ಹೂವು ಅತ್ತೆಯ ತವರಾದ ಕುದೇರಿನದು. ಮದುವೆಯಾಗಿ ಗುಂಡ್ಲುಪೇಟೆ ಕಡೆಯ ಈ ಊರಿಗೆ ಬರುವಾಗ ಅವರವ್ವ ಒಂದು ಹಿಡಿ ಬೀಜವನ್ನು ಸೆರಗಿಗೆ ಗಂಟು ಹಾಕಿ ಕಳಿಸಿದ್ದರು. ದಾಸವಾಳಕ್ಕಿಂತ ಕಪ್ಪಗೆ, ಬೆಲ್ಲದ ಪಾಕದ ಬಣ್ಣಕ್ಕೆ ಹತ್ತಿರವಾದ ಕೆಂಪು. ಎಸಳಿನ ಅಂಚಿಗೆ ಮಾತ್ರ ನೂಲಿನಷ್ಟು ಹಳದಿ. ನಮ್ಮೂರ ಹೊಲಗಳಲ್ಲಿ ಈಗ ಕಣ್ಣು ಹಾಯುವವರೆಗೆ ಕಿತ್ತಳೆ ಬಣ್ಣದ ಚೆಂಡು ಹೂವೇ. ಕಂಪನಿಯವರು ಸಸಿ ಕೊಡುತ್ತಾರೆ, ಅವರೇ ಹೂವು ಕೊಳ್ಳುತ್ತಾರೆ. ನಮ್ಮ ಒಂದೂವರೆ ಎಕರೆಯಲ್ಲೂ ಅದೇ ಇದೆ. ಅದಕ್ಕೆ ಅತ್ತೆಯ ತಕರಾರಿಲ್ಲ. ಹಿತ್ತಲಿನ ಎಂಟಡಿ ಜಾಗಕ್ಕೆ ಮಾತ್ರ ಅದು ಕಾಲಿಡುವಂತಿಲ್ಲ. ಅವರ ಬೀಜದಲ್ಲಿ ಯಾವುದಾದರೂ ಗಿಡ ಕಿತ್ತಳೆ ಹೂವು ಬಿಟ್ಟರೆ, “ಇದು ಕಂಪ್ನಿ ನೆಂಟ” ಎಂದು ಬೇರುಸಮೇತ ಕಿತ್ತು ಬೇಲಿಯಾಚೆ ಎಸೆಯುತ್ತಾರೆ.

ಬೀಜಕ್ಕೆಂದು ಬಿಟ್ಟ ಹೂವಿನ ತೊಟ್ಟಿಗೆ ಹಳೇ ಸೀರೆಯ ಚಿಂದಿ ಕಟ್ಟುತ್ತಾರೆ. ಚಿಂದಿ ಕಟ್ಟಿದ ಹೂವನ್ನು ದೇವರಿಗೂ ಕೀಳುವಂತಿಲ್ಲ. ಗಿಡದಲ್ಲೇ ಒಣಗಿ ತೊಟ್ಟು ಕಂದುಬಣ್ಣಕ್ಕೆ ತಿರುಗಿದ ಮೇಲೆ ಬಿಡಿಸಿ, ಮೊರದಲ್ಲಿ ಹರಡಿ, ನೆರಳಲ್ಲಿ ಹದಿನೈದು ದಿನ ಒಣಗಿಸಿ, ಬೂದಿ ಬೆರೆಸಿ ಒಣಗಿದ ಸೋರೆ ಬುರುಡೆಗೆ ತುಂಬುತ್ತಾರೆ. ಬುರುಡೆ ಬಚ್ಚಲುಮನೆಯ ಹಂಡೆ ಒಲೆಯ ಮೇಲೆ, ಹೊಗೆ ತಾಗುವಂತೆ ನೇತಾಡುತ್ತದೆ.

ಆ ಬೀಜವನ್ನು ಹಾಳು ಮಾಡಿದವಳು ನಾನು.

ಕಳೆದ ಡಿಸೆಂಬರಿನಲ್ಲಿ ಅತ್ತೆ ಬೀಜವನ್ನು ಮೊರದಲ್ಲಿ ಹರಡಿಟ್ಟು, ಅಣ್ಣನಿಗೆ ಹುಷಾರಿಲ್ಲವೆಂದು ಕುದೇರಿಗೆ ಹೋದರು. ಮಾರನೆಯ ದಿನದಿಂದಲೇ ಜಡಿಮಳೆ. ಮಗಳು ಶಿವರಂಜಿನಿಗೆ ಕೆಮ್ಮು, ಇತ್ತ ಮೊರದ ಸುತ್ತ ಇಲಿಗಳ ಓಡಾಟ. ಮಗಳ ಹಾಲಿನ ಪುಡಿಯ ಡಬ್ಬ ಖಾಲಿಯಿತ್ತು. ಬೀಜವನ್ನೆಲ್ಲ ಅದಕ್ಕೆ ತುಂಬಿ, ಮುಚ್ಚಳವನ್ನು ಬಿಗಿಯಾಗಿ ಒತ್ತಿ ಅಟ್ಟಕ್ಕಿಟ್ಟೆ. ಎಷ್ಟು ಚೆನ್ನಾಗಿ ಎತ್ತಿಟ್ಟೆ ಎಂದು ಅವತ್ತಿನ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ ಕೂಡ. ಅತ್ತೆ ಬಂದು ಕೇಳಿದಾಗಲೂ, “ಡಬ್ಬದಲ್ಲಿ ಭದ್ರವಾಗಿದೆ ಅತ್ತೆ” ಅಂದೆ. ಅವರು ನನ್ನ ಮಾತು ನಂಬಿದರು.

ಮೇ ತಿಂಗಳಲ್ಲಿ ಮುಚ್ಚಳ ತೆಗೆದರೆ ಘಾಟು ಮೂಗಿಗೆ ಹೊಡೆಯಿತು. ಹಸಿಯಿದ್ದ ಬೀಜ ಬೆವೆತು, ಬೂಷ್ಟು ಹಿಡಿದು ಉಂಡೆಯಾಗಿತ್ತು. ಅತ್ತೆ ಅದರಲ್ಲೇ ಒಂದು ಚಿಟಿಕೆ ಆರಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರು. ಎಂಟು ದಿನವಾದರೂ ಒಂದೂ ಮೊಳೆಯಲಿಲ್ಲ. ಕುದೇರಿನಲ್ಲೂ ಆ ತಳಿ ಇರಲಿಲ್ಲ. ಅಲ್ಲಿ ಅವರ ತವರಿನ ಹಿತ್ತಲಿಗೆ ಯಾವತ್ತೋ ಕಾಂಕ್ರೀಟು ಹಾಕಿಸಿದ್ದರು.

ನಾನು ಅಳತೊಡಗಿದೆ. ಅತ್ತೆ ಡಬ್ಬವನ್ನು ತಿಪ್ಪೆಗೆ ಬಗ್ಗಿಸಿ ಬಂದು, “ಕಣ್ಣೀರಿಗೆ ಮೊಳಿಯಂಗಿದ್ರೆ ನಾನೂ ಕೂತ್ಕೋತಿದ್ದೆ. ಏಳು, ಮಗೀಗೆ ಅನ್ನ ಕಲಸು” ಅಂದರು.

ಅದೇ ವಾರ ಕಂಪನಿಯ ಏಜೆಂಟ್ ದೇವರಾಜು ಹೊಲಕ್ಕೆ ಸಸಿಗಳ ಟ್ರೇ ಇಳಿಸಲು ಬಂದ. ವಿಷಯ ಅವನ ಕಿವಿಗೂ ಬಿದ್ದಿತ್ತು.

“ಬಸಮ್ಮೋರೆ, ಒಳ್ಳೇದೇ ಆಯ್ತು ಬುಡಿ. ಒಂದು ಟ್ರೇ ಹಿತ್ಲಿಗೂ ಹಾಕ್ಕಳಿ, ನಮ್ ಕಡೆಯಿಂದ ಫ್ರೀ. ನಿಮ್ಮ ಕರೀ ಹೂವ ಯಾರ್ ಕೇಳ್ತಾರೆ?”

“ಯಾರೂ ಕೇಳ್ದೆ ಇದ್ರೆ ನೀನ್ಯಾಕ್ಲಾ ಇಷ್ಟೊತ್ತು ಕೇಳ್ತಾ ನಿಂತಿದ್ದೀಯ?”

ನನ್ನ ಗಂಡ ನಡುವೆ ಬಾಯಿ ಹಾಕಿದರು. “ಅವ್ವಾ, ಜಾಗ ಬರಿದಾಗಿ ಬಿಡದ್ಯಾಕೆ? ಈ ವರ್ಷ ಒಂದ್ಸಲ ಹಾಕನ.”

“ಬರಿದಾಗೇ ಇರ್ಲಿ. ಬಂದೋರ್ಗೆ ತೋರುಸ್ತೀನಿ, ಇಲ್ಲಿ ನನ್ನ ಹೂವಿತ್ತು ಅಂತ. ಟ್ರೇ ತಕ್ಕಂಡು ಹೊಲಕ್ಕೆ ನಡೀರಿ ಇಬ್ರೂವೆ.”

ಮಾರನೆಯ ಬೆಳಿಗ್ಗೆ ಅತ್ತೆ ನನ್ನಿಂದ ಸ್ಟೂಲು ತರಿಸಿಕೊಂಡರು. ಅದನ್ನು ಹಾಕಿಕೊಂಡು ಹತ್ತಿದ್ದು ಕೊಟ್ಟಿಗೆಯ ಬಾಗಿಲ ಬಳಿ.

ಆ ಬಾಗಿಲಿಗೆ ಆಯುಧಪೂಜೆಯ ದಿನ ಕಟ್ಟಿದ ಹಿತ್ತಲಿನ ಕೆಂಪು ಹೂವಿನ ಹಾರವನ್ನು ಅತ್ತೆ ಮುಂದಿನ ಬಿತ್ತನೆಯವರೆಗೆ ಬಿಚ್ಚಲು ಬಿಡುತ್ತಿರಲಿಲ್ಲ. ಎದುರುಮನೆಯ ಚಂದ್ರಮತಕ್ಕ ಎಷ್ಟೋ ಸಲ, “ಬಾಗ್ಲಲ್ಲಿ ಒಣಗ್ಲು ಹಾರ ನೇತಾಕ್ಕಂಡ್ರೆ ಲಕ್ಷ್ಮಿ ಬತ್ತಾಳಾ?” ಎಂದು ಚುಚ್ಚಿದ್ದರು. “ಲಕ್ಷ್ಮಿ ಆಗ್ಲೇ ಒಳೀಕ್ ಬಂದು ಸಗಣಿ ಹಾಕವ್ಳೆ, ಬಾ, ಬಾಚಿವಂತೆ” ಎಂದು ಅತ್ತೆ ನಮ್ಮ ಹಸುವನ್ನು ತೋರಿಸಿದ್ದರು. ಯುಗಾದಿಗೆ ಸುಣ್ಣ ಹೊಡೆಯುವಾಗ ನನ್ನ ಗಂಡ ಹಾರ ಬಿಚ್ಚಿದ್ದರು. ಅದನ್ನು ತಿರುಗಿ ಕಟ್ಟಿಸಿದ ಮೇಲೇ ಅತ್ತೆ ಒಬ್ಬಟ್ಟು ಬೇಯಿಸಿದ್ದು. ಅದೊಂದು ಹಟ ಎಂದೇ ನಾನೂ ತಿಳಿದಿದ್ದೆ.

“ಆ ಬಾಗ್ಲಿಗೆ ಬಲಿತು ಬಾಡ್ತಿರೋ ಹೂವನ್ನೇ ನೋಡಿ ನೋಡಿ ಕಟ್ಟದು ಕಣಮ್ಮಿ,” ಅಂದರು ಸ್ಟೂಲಿನ ಮೇಲಿಂದ. “ನಮ್ಮವ್ವ ಹೇಳಿದ್ಲು, ಒಂದು ಪಾಲು ಬುರುಡೇಲಿ, ಒಂದು ಪಾಲು ಬಾಗ್ಲಲ್ಲಿ.”

“ಮೊದಲೇ ಹೇಳಬಾರದಿತ್ತಾ ಅತ್ತೆ?”

“ಹೇಳಿದ್ರೆ ನೀನು ಇದ್ನೂವೆ ಡಬ್ಬಕ್ಕೆ ತುಂಬ್ತಿದ್ದೆ.”

ಹಾರದ ಕೆಳಭಾಗವನ್ನು ಹಸು ತಿಂದುಹಾಕಿತ್ತು. ಉಳಿದ ಹೂವುಗಳನ್ನು ಮೊರದ ಮೇಲೆ ಬಿಡಿಸಿದರೆ ಹೆಚ್ಚಿನವು ಜೊಳ್ಳು. ಬೆರಳಿಗೆ ಗಟ್ಟಿಯಾಗಿ ತಾಗಿದ ಕಪ್ಪು ಕಡ್ಡಿಯಂಥ ಬೀಜಗಳನ್ನು ಒಂದೊಂದಾಗಿ ಆರಿಸಿದೆವು; ಒಂದು ಚಮಚವೂ ತುಂಬಲಿಲ್ಲ. ರೋಹಿಣಿ ಮಳೆಗೆ ಬಿತ್ತಿದೆವು. ಕೋಳಿ ಕೆದಕದಂತೆ ನನ್ನ ಮದುವೆಯ ಹಳೇ ಸೊಳ್ಳೆಪರದೆಯನ್ನು ಮೇಲೆ ಹೊದಿಸಿದೆ. ಹನ್ನೊಂದು ಮೊಳೆತವು. ಸೆಪ್ಟೆಂಬರಿನಲ್ಲಿ ಮೊಗ್ಗೊಡೆದಾಗ ಎರಡು ಕಿತ್ತಳೆ. ಇರುವುದೇ ಇಷ್ಟು, ಇರಲಿ ಬಿಡಿ ಎಂದು ನಾನು ಕೈ ಹಿಡಿಯುವಷ್ಟರಲ್ಲಿ ಅತ್ತೆ ಎರಡನ್ನೂ ಕಿತ್ತಿದ್ದರು.

ಉಳಿದ ಒಂಬತ್ತು ಕೆಂಪು.

ಈ ಸಲದ ಆಯುಧಪೂಜೆಗೆ ನನ್ನ ಗಂಡ ಟಿಲ್ಲರ್ ತೊಳೆದು ಹಿತ್ತಲಿಗೆ ಬಂದರು. ದೇವರಾಜು ಕೂಡ ಹೊಸ ಬೈಕು ತಂದು ನಿಲ್ಲಿಸಿ, “ಬಸಮ್ಮೋರೆ, ಆ ಕೆಂಪು ಹೂವ ಒಂದೆರಡು ಕೊಡಿ, ಹ್ಯಾಂಡಲ್ಗೆ ಚೆನ್ನಾಗಿ ಕಾಣ್ತದೆ” ಅಂದ.

“ಯಾರೂ ಕೇಳಲ್ಲ ಅಂದಿದ್ದೆ?”

ಅವನು ತಲೆ ಕೆರೆದುಕೊಂಡ. ಆದರೆ ಹೂವು ಸಿಗಲಿಲ್ಲ. ಎಲ್ಲ ತೊಟ್ಟಿಗೂ ಚಿಂದಿ ಕಟ್ಟಿಯಾಗಿತ್ತು. ಈ ಸಲ ನನ್ನ ಸೀರೆಯದು, ನಾನೇ ಹರಿದುಕೊಟ್ಟದ್ದು.

“ದೇವ್ರಿಗಾದ್ರೂ ಒಂದು ಬೇಡ್ವಾ ಅವ್ವ?” ಎಂದರು ನನ್ನ ಗಂಡ.

“ದೇವ್ರಿಗೆ ಈ ವರ್ಷ ಕಂಪ್ನಿ ಹೂವೇ ಸಾಕು. ಅವನೇನು ಬೀಜ ಎತ್ತಿ ಮಡಗ್ತಾನಾ?”

ಲಿಂಗಪೂಜೆಗೂ ಟಿಲ್ಲರಿಗೂ ಹೊಲದ ಕಿತ್ತಳೆ ಹೂವೇ ಹೋಯಿತು. ಒಂದು ಕಡೆಗೆ ಮಾತ್ರ ಅತ್ತೆ ಕೆಂಪು ಹೂವಿನ ಚಿಂದಿ ಬಿಚ್ಚಿದರು. ತೀರಾ ಬಲಿತಿದ್ದ ಐದನ್ನು ಆರಿಸಿ, ಬಾಳೆನಾರಿಗೆ ಕಟ್ಟಿ ನನ್ನ ಕೈಗೆ ಕೊಟ್ಟು, “ಹಸೀಗೆ ಎಟುಕ್ದಂಗೆ ಕಟ್ಟು” ಅಂದರು. ಎದುರುಮನೆಯ ಜಗಲಿಯಿಂದ ಚಂದ್ರಮತಕ್ಕ ನೋಡುತ್ತಿದ್ದರು. ನಾನು ಸ್ಟೂಲು ಹತ್ತಿ, ಎರಡೆರಡು ಗಂಟು ಹಾಕಿ, ಕೊಟ್ಟಿಗೆಯ ಬಾಗಿಲಿಗೆ ಮೇಲಕ್ಕೆ ಎತ್ತಿ ಕಟ್ಟಿದೆ.