ಗುಡ್ಡದ ಎತ್ತು ಮತ್ತು ನಾನು ಬಳಿದ ನೀಲಿ

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಹೋಗುವ ಮೊದಲ ಬಸ್ಸು ಹಿಡಿದೆ. ಸಂಕ್ರಾಂತಿ ಕಳೆದಿದ್ದರೂ ಚಳಿ ಬಿಟ್ಟಿರಲಿಲ್ಲ. ಹೆಗಲ ಚೀಲದಲ್ಲಿ ಒಂದು ಜೊತೆ ಬಟ್ಟೆ, ಟರ್ಪೆಂಟೈನ್ ಬಾಟಲಿ, ಗೋಡೆ ಕೆರೆಯುವ ಕಬ್ಬಿಣದ ಪಟ್ಟಿ, ಒಂದಿಷ್ಟು ಹಳೆಯ ಧೋತರದ ಚೂರು ಇದ್ದವು. ಊರು ನೋಡಲು ಹೋಗುವವನ ಚೀಲದಲ್ಲಿ ಇವೇಕೆ ಎಂದು ಯಾರೂ ಕೇಳಲಿಲ್ಲ. ನಾನು ಬಣ್ಣ ಹೊಡೆಯುವವನೆಂಬುದು ಆ ಬಸ್ಸಿನ ಕಂಡಕ್ಟರನಿಗೂ ಗೊತ್ತು.

ಬೈಲಹೊಂಗಲದಲ್ಲಿರುವ ನನ್ನ ಅಕ್ಕ ಗಂಗವ್ವನನ್ನು ಕರೆದುಕೊಂಡು ರಾಮದುರ್ಗದ ಹತ್ತಿರದ ನಮ್ಮ ಹುಟ್ಟೂರಿನ ಗುಡ್ಡಕ್ಕೆ ಹೋಗುವುದಿತ್ತು. ಆ ಗುಡ್ಡದ ಮೇಲೆ ಒಂದು ಬಂಡೆ ಮುಂದಕ್ಕೆ ಚಾಚಿ ನೆರಳು ಮಾಡಿದೆ. ಅದರ ಒಳಗೋಡೆಯ ಮೇಲೆ ಕೆಂಪು ಬಣ್ಣದ ಎತ್ತೊಂದಿತ್ತು. ಉದ್ದ ಕೋಡು, ಎತ್ತರದ ಹಿಣಿಲು. ಸಣ್ಣವರಿದ್ದಾಗ ಆಡು ಕಾಯಲು ಹೋಗಿ ನಾವಿಬ್ಬರೂ ಅದರ ಕೆಳಗೆ ರೊಟ್ಟಿ ತಿಂದವರು. ಅದನ್ನು ಇನ್ನೊಮ್ಮೆ ನೋಡಬೇಕೆಂದು ಅಕ್ಕ ಫೋನು ಮಾಡಿದ್ದಳು. ಆದರೆ ಹೋದ ದಸರೆಯ ಮುಂದೆ ಆ ಗೋಡೆಗೆ ಆಕಾಶನೀಲಿ ಎಣ್ಣೆಬಣ್ಣ ಬಳಿದವನು ನಾನೇ. ಅದು ಅಕ್ಕನಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ಆ ಬಂಡೆಯ ಬುಡದಲ್ಲಿ ಗುಡ್ಡದವ್ವ ಇದ್ದಾಳೆ. ದಸರೆಗೆ ದೇವರ ಜಾಗಕ್ಕೆ ಸುಣ್ಣ ಕೊಡುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಹಿಂದೆ ಬುಡಕ್ಕಷ್ಟೇ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬೀಳುತ್ತಿತ್ತು. ಹೋದ ವರ್ಷ ಊರ ಹಿರಿಯರು, "ಅವ್ವನ ಹಿಂದ ಗ್ವಾಡಿ ಹೊಲಸ ಕಾಣತೈತಿ, ಚಂದ ಮಾಡಿ ಕೊಡಪಾ" ಅಂದರು. ಸೊಂಟದ ನೋವು ಹೋದರೆ ಅವ್ವನ ಸೇವೆ ಮಾಡುತ್ತೇನೆಂದು ನನ್ನದೂ ಹರಕೆಯಿತ್ತು. ಬಣ್ಣ ನಾನೇ ಕೊಂಡೊಯ್ದೆ. ರಸ್ತೆಗೆ ಕಾಣುವಂಥ ನೀಲಿಯನ್ನೇ ಆರಿಸಿದ್ದೆ.

ಅದಾದ ಮೇಲೆ ಕಿತ್ತೂರಿನ ಕಡೆಯ ಒಂದು ಶಾಲೆಯ ಗೋಡೆಗೆ ಚಿತ್ರ ಬರೆಯುವ ಕೆಲಸ ಬಂತು. ಅಲ್ಲಿಯ ಮಾಸ್ತರರು ಪುಸ್ತಕ ತೆರೆದು ಒಂದು ಪುಟ ತೋರಿಸಿ ಹಾಗೇ ಬರೆಯಿರಿ ಅಂದರು. ಕೆಂಪು ಎತ್ತುಗಳು, ಕೈ ಕೈ ಹಿಡಿದ ಮನುಷ್ಯರು. ನಾನು ಓದಿದ್ದು ನಾಲ್ಕನೇ ಇಯತ್ತೆ. ಆದರೂ ಆ ಕೋಡು ಗುರುತು ಹತ್ತಿತು. ಇವು ಅಕ್ಷರ ಹುಟ್ಟುವ ಮೊದಲಿನವು, ಕೆಂಪು ಕಲ್ಲು ಅರೆದು ಬಳಿದವು, ಮಲಪ್ರಭೆಯ ದಂಡೆಯ ಗುಡ್ಡಗಳಲ್ಲೂ ಇವೆ ಎಂದು ಮಾಸ್ತರರು ಹೇಳಿದರು. ಅವುಗಳ ಮೇಲೆ ಯಾರಾದರೂ ಬಣ್ಣ ಹಚ್ಚಿದ್ದರೆ ತೆಗೆಯಬಹುದೇ ಎಂದು ಕೇಳಿದೆ. "ಮುಟ್ಟಬ್ಯಾಡ್ರಿ. ತಿಳದವರಿಗೆ ಹೇಳಬೇಕು. ಎಲ್ಲಿ ಹಚ್ಚ್ಯಾರ?" ಅಂದರು. ಎಲ್ಲಿ ಎಂದರೆ ಮುಂದಿನ ಪ್ರಶ್ನೆ ಯಾರು ಎಂದು ಬರುತ್ತಿತ್ತು. ಸುಮ್ಮನೆ ಕೇಳಿದೆ ಎಂದು ಹೇಳಿ ಕುಂಚ ಅದ್ದಿಕೊಂಡೆ.

ಬೈಲಹೊಂಗಲದಲ್ಲಿ ಇಳಿದಾಗ ಹತ್ತಿ ಹೇರಿದ ಗಾಡಿಗಳು ಪೇಟೆಯ ಕಡೆ ಸಾಲಾಗಿ ಹೊರಟಿದ್ದವು. ಅಕ್ಕ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಸಿದ್ಧಳಾಗಿದ್ದಳು. ಅಡುಗೆಮನೆಯಲ್ಲಿ ಕೂಡಿಸಿ ಚಹಾ ಕೊಟ್ಟಳು. ಆ ಅಡುಗೆಮನೆಯ ಗೋಡೆಗೆ ಬಣ್ಣ ಹೊಡೆದವನೂ ನಾನೇ. ನನ್ನ ಕೆಲಸ ಎಲ್ಲೇ ಇರಲಿ, ಕೆಳಗೆ ಕಂದು ಪಟ್ಟೆ ಎಳೆದು ಅದರ ಮೇಲೊಂದು ದ್ರಾಕ್ಷಿ ಬಳ್ಳಿ ಬಿಡಿಸುತ್ತೇನೆ. ಪ್ರತಿ ಗೊಂಚಲಿನ ಪಕ್ಕ ಒಂದು ಎಲೆ ಮಡಚಿದಂತಿರುತ್ತದೆ. ಅದು ನನ್ನ ರೂಢಿ.

ಅಕ್ಕ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಧೋತರದ ತುಂಡು ಕೂಡಿಸಿ ಹೊಲಿದು ನಡುವೆ ಒಂದು ಕೆಂಪು ಎತ್ತು ಕೂಡಿಸುತ್ತಾಳೆ. ಅದು ಗುಡ್ಡದ ಎತ್ತೇ. ಈಗ ಮಗಳಿಗೆ ದಿನ ತುಂಬಿದ್ದವು. ತೊಟ್ಟಿಲ ಕೌದಿ ಎಲ್ಲ ಮುಗಿದು ನಡುವಿನ ಜಾಗವಷ್ಟೇ ಖಾಲಿ ಉಳಿದಿತ್ತು.

"ಮೊದಲ ಕಣ್ಣ ಮುಚ್ಚಿದರ ಕಾಣತಿತ್ತು. ಈಗ ಕೋಡ ಕಾಣತಾವು, ಮಾರಿ ಕಾಣವಲ್ತು" ಅಂದಳು. "ಇಷ್ಟ ವರ್ಷ ಮನಸ್ಸಿಗೆ ಬಂದಂಗ ಹೊಲದೆ. ಈ ಕೂಸಿಗರ ಖರೇ ಎತ್ತು ಹೊಲೀಬೇಕು. ಅದು ಯಾವ ಕಡೆ ಮಾರಿ ಮಾಡಿತ್ತೋ ಬಸ್ಯಾ?"

"ನೋಡಿದರ ತಿಳೀತೈತಿ ಬಿಡ" ಅಂದೆ. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಹೇಳದೆ ಎದ್ದು ಚೀಲ ಹೊತ್ತುಕೊಂಡೆ.

ಸವದತ್ತಿಯ ಬಸ್ಸಿನಲ್ಲಿ ಕಂಡಕ್ಟರ್ ಅಕ್ಕನ ಆಧಾರ್ ಕಾರ್ಡು ನೋಡಿ ಪುಕ್ಕಟೆ ಚೀಟಿ ಹರಿದು ಕೊಟ್ಟ. ನನ್ನ ಕಡೆ ತಿರುಗಿ, "ನಿಮ್ಮದು ರೊಕ್ಕಾ ಕೊಡ್ರಿ ಅಣ್ಣಾರ" ಅಂದ.

"ಅಂವಂಗೂ ಒಂದ ಸೀರಿ ಉಡಿಸಿ ಕರಕೊಂಡ ಬರಬೇಕಿತ್ತು" ಅಂದಳು ಅಕ್ಕ.

"ಮೀಸಿ ಬೋಳಿಸಬೇಕಾಗತಿತ್ತಲ್ರಿ ಅಕ್ಕಾರ."

"ಬೋಳಸ್ತಾನ. ನಾ ಹೇಳಿದ್ದ ಯಾವತ್ತೂ ಮೀರಿಲ್ಲ ನಮ್ಮ ತಮ್ಮ."

ಬಸ್ಸಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

ಸವದತ್ತಿಯ ನಿಲ್ದಾಣದಲ್ಲಿ ಎಲ್ಲಮ್ಮನ ಗುಡ್ಡದಿಂದ ಇಳಿದುಬಂದವರ ಹಣೆ, ತೋಳುಗಳೆಲ್ಲ ಭಂಡಾರದಿಂದ ಹಳದಿಯಾಗಿದ್ದವು. ರಾಮದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ಗಿರಮಿಟ್ ತಿನ್ನುತ್ತ ಕಟ್ಟೆಯ ಮೇಲೆ ಕುಳಿತೆವು. ಎಲ್ಲ ಹೇಳಿ ಇಲ್ಲಿಂದಲೇ ಹಿಂತಿರುಗಿಸಿದರೆ ಅಕ್ಕನ ಕಾಲಿಗಾದರೂ ನೋವು ತಪ್ಪುತ್ತದೆ ಅನ್ನಿಸಿತು.

"ಅಕ್ಕಾ, ಒಂದ ಮಾತ ಕೇಳತೇನಿ."

"ಏನ?"

"ಚಾ ಕುಡೀತಿ?"

"ಇಷ್ಟ ಕೇಳಾಕ ಮಾರಿ ಯಾಕ ಹಂಗ ಮಾಡ್ಕೊಂಡಿ? ಸೊಂಟ ಹಿಡದೈತೇನ ಮತ್ತ?"

ಹೌದು ಅಂದೆ. ಅಕ್ಕ ನನ್ನ ಚೀಲವನ್ನು ಕಸಿದು ತನ್ನ ಮಡಿಲಲ್ಲಿಟ್ಟುಕೊಂಡಳು. ಟರ್ಪೆಂಟೈನ್ ವಾಸನೆಗೆ ಮೂಗು ಮುರಿದರೂ ಏನೂ ಕೇಳಲಿಲ್ಲ.

ರಾಮದುರ್ಗದ ದಾರಿಯುದ್ದಕ್ಕೂ ಕರಿ ಮಣ್ಣಿನಲ್ಲಿ ಬಿಳಿಜೋಳ ತೆನೆ ಬಾಗಿ ನಿಂತಿತ್ತು. ಮುಂದೆ ಹೋದಂತೆ ತಲೆ ಚಪ್ಪಟೆಯಾದ ಕೆಂಪು ಗುಡ್ಡಗಳು ಶುರುವಾದವು. ಮಧ್ಯಾಹ್ನದ ಹೊತ್ತಿಗೆ ರಾಮದುರ್ಗ ಮುಟ್ಟಿದೆವು. ಬಿಸಿಲು ಆಗಲೇ ಕಾವೇರಿತ್ತು. ಅಲ್ಲಿಂದ ತೊರಗಲ್ ಕಡೆಗೆ ಹೊರಟ ಟಂಟಂ ರಿಕ್ಷಾದಲ್ಲಿ ಜನರ ನಡುವೆ ಒತ್ತಿಕೊಂಡು ಗುಡ್ಡದ ಬುಡದಲ್ಲಿ ಇಳಿದೆವು. ಬಂಡೆಯ ಚಾಚು ಹೊಲಗಳ ಕಡೆಗಿದೆ. ಇಳಿದ ಜಾಗಕ್ಕೆ ಅದು ಕಾಣುವುದಿಲ್ಲ.

ಏರುವ ದಾರಿಯ ನಡುವೆ ಮೋರೇರ ಮನೆಗಳಿವೆ. ದೊಡ್ಡ ಹಾಸುಗಲ್ಲುಗಳನ್ನು ನಾಲ್ಕು ಬದಿಗೆ ನಿಲ್ಲಿಸಿ ಮೇಲೊಂದು ಕಲ್ಲು ಹೊರಿಸಿದ ಗೂಡುಗಳು. ಒಂದು ಕಲ್ಲಿಗೆ ಗುಂಡನೆಯ ಕಿಂಡಿ. ಅವೂ ಬಹಳ ಹಿಂದಿನವು, ಸತ್ತವರಿಗೆ ಕಟ್ಟಿದ ಮನೆಗಳು ಎಂದು ಆ ಮಾಸ್ತರರೇ ಹೇಳಿದ್ದರು. ಸುಣ್ಣವಿಲ್ಲ, ಗಾರೆಯಿಲ್ಲ. ಭಾರವೇ ಭಾರವನ್ನು ಹಿಡಿದಿದೆ. ಕೆಲವು ಬಿದ್ದಿದ್ದವು. ಕೆಲವುಗಳ ಮೇಲ್ಗಲ್ಲು ಹೊಲದ ಬದುವಿಗೆ ಹೋಗಿತ್ತು.

ಬೀಳದೆ ನಿಂತಿದ್ದ ಒಂದು ಗೂಡಿನ ನೆರಳಿಗೆ ಅಕ್ಕ ಕುಳಿತಳು. "ಮಳಿ ಬಂದಾಗ ನಿನ್ನ ಇದರಾಗ ತುರಕಿ ನಾ ಹೊರಗ ನಿಂತಿದ್ದೆ. ನೆನಪೈತಿ?"

"ನೀ ಯಾಕ ಒಳಗ ಬರಲಿಲ್ಲ?"

"ಆಡಿನ ಮರಿಗೂ ಜಾಗಾ ಬೇಕಿತ್ತಲ್ಲೋ. ನೀ ಬ್ಯಾರೆ ಕಾಲ ಚಾಚಿದ್ದಿ."

ನೀನು ಇಲ್ಲೇ ಕೂಡು, ನಾನು ಮುಂದೆ ಹೋಗಿ ದಾರಿ ನೋಡಿ ಬರುತ್ತೇನೆ ಅಂದೆ. ಅವಳಿಗಿಂತ ಮೊದಲು ಹೋಗಿ ಒಂದಿಷ್ಟಾದರೂ ನೀಲಿ ಕೆರೆಯಬೇಕೆಂಬುದು ನನ್ನ ಲೆಕ್ಕ.

"ದಾರಿ ನನಗ ತೋರಸ್ತಿ?" ಎಂದು ಅಕ್ಕ ಎದ್ದು ನನಗಿಂತ ಮುಂದೆ ನಡೆದಳು.

ಬಂಡೆಯ ತಿರುವಿನಲ್ಲಿ ಅವಳು ನಿಂತುಬಿಟ್ಟಳು. ಒಳಗೋಡೆ ತುಂಬ ನನ್ನ ನೀಲಿ. ಮಳೆಗೆ ಸ್ವಲ್ಪವೂ ಮಾಸಿರಲಿಲ್ಲ. ಒಳ್ಳೆಯ ಬಣ್ಣ ಅದು. ಅಕ್ಕ ಗುಡ್ಡದವ್ವನಿಗೆ ಕೈಮುಗಿದಳು. ಆಮೇಲೆ ಗೋಡೆಯನ್ನು ಅಂಗೈಯಿಂದ ಸವರುತ್ತ ಎಡದಿಂದ ಬಲಕ್ಕೆ ಹೋದಳು. ಕೆಳಗಿನ ಕಂದು ಪಟ್ಟೆಯ ಹತ್ತಿರ ಕೂತಳು. ಮಡಚಿದ ಎಲೆಯ ಮೇಲೆ ಅವಳ ಬೆರಳು ನಿಂತಿತು.

"ಈ ಬಳ್ಳಿ ನನ್ನ ಅಡಿಗಿಮನ್ಯಾಗೂ ಐತಿ" ಅಂದಳು.

ನಾನು ನೆಲ ನೋಡುತ್ತಿದ್ದೆ. "ಹೌದಕ್ಕಾ."

"ಗೊತ್ತಿದ್ದ ಬಳದೇನ?"

"ಗೊತ್ತಿತ್ತು. ನಮ್ಮ ಎತ್ತಂತ ಗೊತ್ತಿತ್ತು. ಇಷ್ಟ ಹಳೇದಂತ ಗೊತ್ತಿರಲಿಲ್ಲ." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಾಗಲಿಲ್ಲ. "ಮೊದಲನೇ ಕೈಗೆ ಅದು ಹೋಗಲಿಲ್ಲಕ್ಕಾ. ನೀಲಿ ಹಿಂದಿಂದ ಕೆಂಪಗ ಕಾಣತಿತ್ತು. ಒಣಗಿದ ಮ್ಯಾಲ ಇನ್ನೊಂದ ಕೈ ಹೊಡದೆ."

"ಹಂಗಾರ ಅಷ್ಟ ಹತ್ತರ ನಿಂತ ನೋಡಿದಿ. ಯಾವ ಕಡೆ ಮಾರಿ ಮಾಡಿತ್ತು ಹೇಳ."

"ಕೆಂಪ ಕಲೆ ಮುಚ್ಚಿತೋ ಇಲ್ಲೋ ಅಂತ ನೋಡಿದೆ. ಎತ್ತಿನ್ನ ನೋಡಲಿಲ್ಲ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ತೆಗಿಯಾಕ ಬರತೈತೇನ?" ಎಂದಷ್ಟೇ ಕೇಳಿದಳು.

ಮುಟ್ಟಬೇಡಿ ಎಂಬ ಮಾಸ್ತರರ ಮಾತು ನೆನಪಿತ್ತು. ಆದರೂ ಚೀಲ ಬಿಚ್ಚಿದೆ. ಕೋಡು ಇದ್ದಿರಬಹುದಾದ ಕಡೆ ಟರ್ಪೆಂಟೈನ್ ಅದ್ದಿದ ಬಟ್ಟೆಯನ್ನು ಒತ್ತಿ ಹಿಡಿದೆ. ಬಣ್ಣ ಮೆತ್ತಗಾಯಿತು. ಮೆಲ್ಲಗೆ ಒರೆಸಿದೆ. ಅಂಗೈಯಷ್ಟು ಜಾಗದಲ್ಲಿ ನೀಲಿ ಬಿಟ್ಟಿತು. ಕೆಳಗಿದ್ದದ್ದು ಬರೀ ಕಲ್ಲು. ಬಟ್ಟೆ ತಿರುಗಿಸಿ ನೋಡಿದೆ. ನೀಲಿಯ ಜೊತೆಗೆ ಕೆಂಪೂ ಬಟ್ಟೆಗೆ ಬಂದುಬಿಟ್ಟಿತ್ತು.

ಬಾಟಲಿಗೆ ಮತ್ತೆ ಕೈ ಹಾಕಿದೆ. ಅಕ್ಕ ಮಣಿಕಟ್ಟು ಹಿಡಿದಳು. "ಸಾಕ ಬಿಡ. ಉಳದದ್ದಾದ್ರೂ ಒಳಗ ಇರಲಿ."

ಬಟ್ಟೆಯನ್ನು ಎಸೆಯಲು ಹೋದೆ. ಅವಳು ಇಸಿದುಕೊಂಡು ಬಂಡೆಯ ಮೇಲೆ ಹರವಿದಳು. ಅದು ಒಣಗುವ ತನಕ ರೊಟ್ಟಿ ಬಿಚ್ಚಿದಳು. ಹಿಂದೆ ಎತ್ತಿನ ಕೆಳಗೆ ಕೂಡುತ್ತಿದ್ದ ಜಾಗದಲ್ಲೇ ಕೂತು ತಿಂದೆವು. ಅವಳು ಚಟ್ನಿಗೆ ಎಣ್ಣೆ ಹಾಕಿ ನನ್ನ ಕಡೆ ಸರಿಸಿದಳು. ಏಳುವಾಗ ಆ ಬಟ್ಟೆಯನ್ನು ಮಡಚಿ ತನ್ನ ಚೀಲದಲ್ಲಿಟ್ಟಳು.

"ಅದೇನ ಮಾಡ್ತಿ?"

"ಕೌದ್ಯಾಗ ಜಾಗಾ ಖಾಲಿ ಐತಲ್ಲ" ಅಂದಳು.

ಇಳಿಯುವಾಗ ನಾನು ಕೈ ಚಾಚಿದೆ. ಅಕ್ಕ ಹಿಡಿಯಲಿಲ್ಲ. ಕಲ್ಲು ಹಿಡಿದುಕೊಂಡೇ ಇಳಿದಳು. ಹೊಲಗಳ ಕಡೆಯ ರಸ್ತೆಗೆ ಬಂದು ಬಸ್ಸು ಹತ್ತಿದಾಗ ಬಿಸಿಲು ಇಳಿಮುಖವಾಗಿತ್ತು. ಸೀಟಿನಲ್ಲಿ ನನ್ನ ಪಕ್ಕ ಕೂತರೂ ಕಿಟಕಿಯ ಕಡೆ ಮುಖ ಮಾಡಿದ್ದಳು. ತಿಳಿದವರಿಗೆ ಹೇಳಬೇಕು, ಮಾಸ್ತರರ ಹತ್ತಿರ ಹೋಗಿ ನನ್ನ ಹೆಸರು ಹೇಳಿಯೇ ಹೇಳಬೇಕು ಎಂದು ಕೂತಲ್ಲೇ ನಿಶ್ಚಯ ಮಾಡಿದೆ. ಅಕ್ಕನಿಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ.

ತಿರುವಿನಲ್ಲಿ ಗುಡ್ಡ ಪೂರ್ತಿ ಕಾಣಿಸಿತು. ಕೆಂಪು ಬಂಡೆಗಳ ನಡುವೆ ನನ್ನ ನೀಲಿ, ನಾನು ಬಯಸಿದ ಹಾಗೆಯೇ, ಎದ್ದು ಕಾಣುತ್ತಿತ್ತು. ಮುಂದಿನ ಸೀಟಿನ ಹೆಂಗಸು ಅದಕ್ಕೆ ಕೈಮುಗಿದು ನಮ್ಮ ಕಡೆ ತಿರುಗಿದಳು. "ಅವ್ವನ ಜಾಗಾ ಎಷ್ಟ ಚಂದ ಮಾಡ್ಯಾರ ನೋಡ್ರಿ. ಮೊದಲ ಬರೇ ಕಲ್ಲಿತ್ತು."

ಬಸ್ಸು ಹತ್ತಿದ ಮೇಲೆ ಮೊದಲ ಸಲ ಅಕ್ಕ ನನ್ನ ಕಡೆ ನೋಡಿದಳು.

"ಬರೇ ಕಲ್ಲಿರಲಿಲ್ರಿ" ಅಂದೆ. "ಅಲ್ಲಿ ಒಂದ ಎತ್ತಿತ್ತು. ನಾ ಅದನ್ನ ಮುಚ್ಚೇನಿ."

"ಎತ್ತ? ಎಲ್ರಿ, ಕಾಣವಲ್ದಲ್ಲ?" ಎಂದು ಆ ಹೆಂಗಸು ಕಿಟಕಿಯಿಂದ ಬಾಗಿ ಹುಡುಕತೊಡಗಿದಳು.

ಅಕ್ಕ ಕೈ ಚಾಚಿ ಬೆರಳು ಮಾಡಿದಳು. "ಅಲ್ಲೇ ನೋಡ್ರಿ. ಆ ನೀಲಿ ನಡುವ."

ಗುಡ್ಡ ಮರೆಯಾಗುವ ತನಕ ಅವರಿಬ್ಬರೂ ಅದನ್ನೇ ನೋಡುತ್ತಿದ್ದರು.