ಮಡುವಿನ ಚಕ್ಕುಬಂದಿ

ಬಾಳೆಮೀನಿನ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ನನ್ನ ಹೆಂಡತಿ ಈಳಿಗೆಯ ಮುಂದೆ ಕುಳಿತು ಅದನ್ನು ಸೀಳಿದವಳು, ಒಳಗೆ ಬೆರಳಾಡಿಸಿ, "ಏನ್ರೀ, ಇಲ್ಲಿ ಬರ್ರಿ ಸ್ವಲ್ಪ," ಎಂದು ಕೂಗಿದಳು. ಹೋಗಿ ಬಗ್ಗಿ ನೋಡಿದೆ. ನನ್ನ ತೋಳಿನಷ್ಟು ಉದ್ದದ ಮೀನು. ತಲೆ ಮಾತ್ರ ದೊಡ್ಡದು, ಮೈ ಬತ್ತಿಹೋಗಿತ್ತು. ಹೊಟ್ಟೆಯೊಳಗೆ ಬರೀ ಒಂದು ಗುಟ್ಕಾ ಪಾಕೀಟು, ಒಂದಿಷ್ಟು ರಾಡಿ.

"ಉಪವಾಸ ಸಾಯಾಕತ್ತಿತ್ತಲ್ರೀ ಇದು," ಎಂದಳು. "ಮೊದಲೆಲ್ಲಾ ಕೊಯ್ದರ ಹೊಟ್ಟ್ಯಾಗ ಸಣ್ಣ ಮೀನ ಹಿಡಿಗಟ್ಟಲೆ ಬರತಿದ್ದೂವು."

ಖರೆ. ನನಗೆ ಮಾತ್ರ ಅದು ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಮೀನು ಹಿಡಿದವನು ನಾನು, ಅದರ ಹೊಟ್ಟೆ ನೋಡಿದವಳು ಅವಳು. ಆ ಮೀನನ್ನು ತಿನ್ನಲಿಲ್ಲ ಎಂದು ಬರೆದರೆ ಚೆಂದ ಕಾಣುತ್ತಿತ್ತು, ತಿಂದೆ, ಸುಳ್ಳೇಕೆ. ಆದರೆ ರುಚಿ ಹತ್ತಲಿಲ್ಲ.

ನಾನು ಜಮಖಂಡಿಯಲ್ಲಿ ಖರೀದಿ ಪತ್ರ, ಅಣ್ಣತಮ್ಮಂದಿರ ಪಾಲಿನ ವಾಟ್ನಿ ಪತ್ರ ಬರೆಯುವವನು. ನೋಂದಣಿ ಕಚೇರಿಯ ಎದುರು ಒಂದು ಟೇಬಲ್ಲು, ಎರಡು ಕುರ್ಚಿ, ಅದೇ ನನ್ನ ಸಂಸ್ಥಾನ. ವಾರದಲ್ಲಿ ಆರು ದಿನ ಮಂದಿಯ ಹೊಲ-ಮನೆ ಬರೆಯುತ್ತೇನೆ, ಏಳನೆಯ ದಿನ ಚಿಕ್ಕಪಡಸಲಗಿ ಬ್ಯಾರೇಜಿನ ಕಡೆ ಹೋಗಿ ಕೃಷ್ಣೆಗೆ ಗಾಳ ಹಾಕುತ್ತೇನೆ. ಮೂಗಿನ ತುದಿಯಲ್ಲೇ ಸಿಟ್ಟು ಇರುವ ಮನುಷ್ಯ ನಾನು. ನೀರಿನ ದಂಡೆಯಲ್ಲಿ ಮಾತ್ರ ಯಾರ ಮೇಲೂ ರೇಗದೆ ಕೂರುತ್ತೇನೆ ಎಂದು ನನ್ನ ಹೆಂಡತಿಯೇ ಬುತ್ತಿ ಕಟ್ಟಿ ಕಳಿಸುತ್ತಾಳೆ.

ನದಿಗೆ ನನ್ನ ಜೊತೆ ಬರುವವರು ಸಾವಳಗಿಯ ಒಬ್ಬ ನಿವೃತ್ತ ಬಸ್ ಕಂಡಕ್ಟರು. ನನಗಿಂತ ಹದಿನೈದು ವರ್ಷ ಹಿರಿಯರು. ನಾನು ಕಾಕಾ ಎನ್ನುತ್ತೇನೆ, ಅವರು ನನ್ನನ್ನು ತಮ್ಮಾ ಎನ್ನುತ್ತಾರೆ. ಮುಂದಿನ ಭಾನುವಾರ ಅವರಿಗೆ ಖಾಲಿ ಹೊಟ್ಟೆಯ ಕತೆ ಹೇಳಿದೆ. ಅವರು ಎದ್ದು, ದಂಡೆಗುಂಟ ಒಂದು ಹರದಾರಿ ನಡೆಸಿಕೊಂಡು ಹೋಗಿ ತೋರಿಸಿದರು.

ಕಣದಲ್ಲಿ ಜೋಳ ಹರವಿದಂತೆ ಮರಳ ಮೇಲೆ ಮೀನು ಹರವಿದ್ದರು. ಎಲ್ಲವೂ ಬೆರಳುದ್ದದ ಬಿಳಿ ಮೀನು. ಮನುಷ್ಯರು ಅದನ್ನು ಅಷ್ಟಾಗಿ ತಿನ್ನುವುದಿಲ್ಲ. ನದಿಯ ದೊಡ್ಡ ಮೀನೆಲ್ಲ ಬದುಕುವುದು ಅದನ್ನು ತಿಂದೇ. ಬಾಳೆಮೀನಿಗೆ ಅದು ರೊಟ್ಟಿ ಇದ್ದ ಹಾಗೆ. ಕೆಲವು ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದವು. ಅಷ್ಟು ಸಾವನ್ನು ನಾನು ಒಮ್ಮೆಲೇ ನೋಡಿರಲಿಲ್ಲ.

"ಸೊಳ್ಳಿ ಪರದಿಯಂಥಾ ಬಲಿ ತಂದಾರ," ಎಂದರು ಕಾಕಾ. "ತತ್ತಿ ಸುದ್ದಾ ಬಿಡಾಂಗಿಲ್ಲ. ಒಣಗಿಸಿ ಕೋಳಿ ಫಾರ್ಮಿಗೆ ಒಯ್ತಾರ."

"ಯಾರೂ ಕೇಳಾಂಗಿಲ್ಲೇನ್ರಿ ಇದನ್ನ?"

"ಮೀನಿನ ಕಡೆಯಿಂದ ಕೇಳಾವ್ರು ಯಾರದಾರೋ?"

ಅಷ್ಟು ಸಾಕಾಯಿತು ನನಗೆ. ಕೇಳುವವರು ಇಲ್ಲ ಅಂದರೆ ನಾವೇ ಕೇಳೋಣ, ನಮ್ಮ ಭಾಗದ ಶಾಸಕರಿಗೆ ಅರ್ಜಿ ಕೊಡೋಣ, ಸಣ್ಣ ಕಣ್ಣಿನ ಬಲೆ ಬಂದ್ ಆಗುವಂತೆ ಸದನದಲ್ಲಿ ಮಾತಾಡಿಸೋಣ ಎಂದು ಅಲ್ಲೇ ಮರಳಿನ ಮೇಲೆ ನಿಂತು ಕೂಗಾಡಿದೆ. ಮುಂದಿನ ಒಂದು ತಿಂಗಳು ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲ ಕಡೆ ಬೈಕಿನಲ್ಲಿ ತಿರುಗಿ ಗಾಳ ಹಾಕುವವರ ಸಹಿ ಕೂಡಿಸಿದೆ. ಬನಹಟ್ಟಿಯ ಒಬ್ಬ ನೇಕಾರ ಮಗ್ಗ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ರೀ, ಮೀನ ಹಿಡಿಯೋರ ಮೀನ ಉಳಸ್ರಿ ಅಂತ ಹೊಂಟೀರಿ?" ನಗುತ್ತಲೇ ಸಹಿ ಮಾಡಿದ, ಚಹಾ ಕುಡಿಸಿದ.

ಅರ್ಜಿ ಬರೆಯಲು ಕುಳಿತ ದಿನ ಕಾಕಾ ನನ್ನ ಟೇಬಲ್ಲಿಗೆ ಬಂದು ಬಗಲಲ್ಲಿ ಕುಳಿತರು. ಬಹಳ ಹೊತ್ತು ಏನೋ ಹೇಳಬೇಕೆಂದು ಬಾಯಿ ತೆರೆಯುವರು, ಸುಮ್ಮನಾಗುವರು. ಕೊನೆಗೆ ಹೇಳಿದರು. ನದಿಯಲ್ಲಿ ಒಂದು ಮಡು ಇದೆ, ಬೇಸಿಗೆಯಲ್ಲೂ ಬತ್ತದ ಆಳದ ಜಾಗ. ಆ ಬಿಳಿ ಮೀನು ಗುಂಪುಗಟ್ಟಿ ತತ್ತಿ ಇಡುವುದು ಅಲ್ಲಿ. ಬೀರಪ್ಪನ ಒಕ್ಕಲಾದ ಅವರ ತಂದೆ ಕುರಿಗಳನ್ನು ನೀರಿಗೆ ತಂದಾಗ ಆ ಮಡುವಿಗೆ ಒಂದು ಹಿಡಿ ಜೋಳದ ನುಚ್ಚು ಹಾಕಿಯೇ ಮುಂದೆ ಹೋಗುತ್ತಿದ್ದರಂತೆ. ಮಗನಿಗೆ ಜಾಗ ತೋರಿಸಿ, ಇಲ್ಲಿ ಗಾಳ ಹಾಕಬೇಡ ಎಂದಿದ್ದರಂತೆ. ಕಾಕಾ ಹಾಕಿಲ್ಲ. ಇಷ್ಟು ವರ್ಷ ಜೊತೆಗೆ ತಿರುಗಿದ ನನಗೂ ಹೇಳಿರಲಿಲ್ಲ.

"ಈಗ ಉಳದಿದ್ದು ಅಲ್ಲಷ್ಟ, ತಮ್ಮಾ. ಅದೊಂದು ಉಳದರ ಮತ್ತ ನದಿ ತುಂಬ ಆಗತಾವು. ಅದು ಹೋತಂದ್ರ ಮುಗೀತು."

"ಹಂಗಾದ್ರ ಅದನ್ನ ಬರೀಬೇಕಲ್ರೀ! ಆ ಜಾಗಾನ ಕಾಯಿರಿ ಅಂತ ಕೇಳೂಣು."

"ಜಾಗಾ ಬರೀಬೇಕೇನು? ಬ್ಯಾರೇಜಿನ ಸಮೀಪ ಅಂದ್ರ ಸಾಲದೇನೋ?"

ಇಲ್ಲಿ ನನ್ನ ಕಸುಬಿನ ಸೊಕ್ಕು ಎದ್ದು ನಿಂತಿತು. ಯಾವ ಆಸ್ತಿಯ ಕಾಗದ ಬರೆದರೂ ಅದರ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುತ್ತೇವೆ, ಅದೇ ಚಕ್ಕುಬಂದಿ. ನಾನು ಬರೆದ ಚಕ್ಕುಬಂದಿಯಲ್ಲಿ ಯಾವ ಕೋರ್ಟೂ ಇಂದಿನವರೆಗೆ ತಪ್ಪು ತೆಗೆದಿಲ್ಲ. "ಕಾಕಾ, ಚಕ್ಕುಬಂದಿ ಇಲ್ಲದ ಕಾಗದ ನಿಲ್ಲೂದಿಲ್ರಿ," ಎಂದೆ. "ಸಮೀಪ, ಆಜೂಬಾಜೂ ಅಂತ ಬರದ್ರ ಅಧಿಕಾರಿಗಳು ನಗತಾರ."

ಅವರು ಸಾವಕಾಶ ತಲೆಯಾಡಿಸಿದರು. "ಕಾಗದದ ಕೆಲಸ ನಿನಗ ಗೊತ್ತು."

ಬರೆದೆ. ಕಾಕಾ ಗುರುತು ಹೇಳಿದಂತೆ, ಪೂರ್ವಕ್ಕೆ ಒಡೆದ ಪಂಪ್‌ಸೆಟ್ಟಿನ ಮನೆ, ಪಶ್ಚಿಮಕ್ಕೆ ಜೋಡಿ ಕರಿಬಂಡೆ, ಉತ್ತರಕ್ಕೆ ಕಬ್ಬಿನ ಹೊಲದ ಬದು, ದಕ್ಷಿಣಕ್ಕೆ ನದಿಯ ನಡು ಹರಿವು. ಬರೆದದ್ದನ್ನು ನಾನೇ ಎರಡು ಸಲ ಓದಿ ಖುಷಿಪಟ್ಟೆ.

ನಾನೂ ಕಾಕಾನೂ ಹೋಗಿ ಕೊಟ್ಟಾಗ ಶಾಸಕರು ಕಾಗದ ಪೂರ್ತಿ ಓದಿದರು. ನಾವು ಎದ್ದು ಹೋಗುವವರೆಗೆ ಕಾದು ಬದಿಗೆ ಎಸೆಯುತ್ತಾರೆ ಎಂದುಕೊಂಡಿದ್ದೆ, ಹಾಗೆ ಮಾಡಲಿಲ್ಲ. "ರಸ್ತೆ ಕೇಳಾಕ ಬರತಾರ, ನೀರ ಕೇಳಾಕ ಬರತಾರ. ಮೀನಿನ ಸಲುವಾಗಿ ಬಂದಾವ್ರು ನೀವ ಮೊದಲ ನೋಡ್ರಿ," ಎಂದರು. "ಜಾಗಾ ಛಲೋ ಬರದೀರಿ. ಬರೂ ವಾರ ಅಧಿಕಾರಿಗಳನ್ನ ಕರಕೊಂಡ ನಾನ ಬರತೇನಿ." ಹೊರಗೆ ಬಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಅವತ್ತೇ ಮೊಹರು ಬಿದ್ದ ಅರ್ಜಿಯ ಫೋಟೋ ತೆಗೆದು, ಸಹಿ ಮಾಡಿದವರಿಗೆಲ್ಲ ವಾಟ್ಸಾಪಿನಲ್ಲಿ ಕಳಿಸಿದೆ. ಸ್ಟೇಟಸ್ಸಿಗೂ ಹಾಕಿದೆ. ಒಂದು ಝೆರಾಕ್ಸ್ ಪ್ರತಿಯನ್ನು ನೋಂದಣಿ ಕಚೇರಿ ಎದುರಿನ ಚಹಾದಂಗಡಿಯ ಗೋಡೆಗೆ ನಾನೇ ನಿಂತು ಅಂಟಿಸಿದೆ. ಕಾಕಾ ಚಹಾ ಕುಡಿಯುತ್ತ ನೋಡುತ್ತಿದ್ದರು.

ಭಾನುವಾರ ಬೆಳಿಗ್ಗೆ, ಶಾಸಕರು ಬರುವ ಮೊದಲು ಮಡುವನ್ನು ಒಮ್ಮೆ ಕಣ್ಣಾರೆ ನೋಡೋಣ ಎಂದು ನಾವಿಬ್ಬರೂ ಹೋದೆವು. ನನಗೆ ಅದು ಮೊದಲ ಸಲ. ದೂರದಿಂದಲೇ ಕಬ್ಬಿನ ಬದುವಿನ ಹತ್ತಿರ ಒಂದು ಪಿಕಪ್ ಗಾಡಿ ಕಂಡಿತು. ಕಾಕಾ ಓಡತೊಡಗಿದರು. ಎಪ್ಪತ್ತು ದಾಟಿದ ಮನುಷ್ಯ, ಚಪ್ಪಲಿ ಬಿಟ್ಟು ಓಡಿದರು.

ನಾಲ್ಕು ಜನ ಬಲೆ ಝಾಡಿಸುತ್ತಿದ್ದರು. ಗಾಡಿಯಲ್ಲಿ ಕ್ರೇಟುಗಳು ಒಂದರ ಮೇಲೊಂದು, ಬೆಳ್ಳಗೆ, ತುಂಬಿ ಚೆಲ್ಲುತ್ತಿದ್ದವು. ಮಡುವಿನ ನೀರು ಪೂರಾ ಕೆಸರೆದ್ದಿತ್ತು. ಒಂದು ಕ್ರೇಟಿನ ತಳದಿಂದ ತತ್ತಿಯ ಲೋಳೆ ಗಾಡಿಯ ಗಾಲಿಯ ಮೇಲೆ ಇಳಿಯುತ್ತಿತ್ತು.

"ಏ! ಯಾರ ಹೇಳಿದ್ರೋ ನಿಮಗ ಈ ಜಾಗಾ?" ಎಂದು ನಾನು ಚೀರಿದೆ. ಎಂಥ ಪ್ರಶ್ನೆ ಕೇಳಿದೆ ಶಿವನೇ, ಎಂಥ ಪ್ರಶ್ನೆ.

ಅವರಲ್ಲೊಬ್ಬ, ಪರ ಊರಿನವನು, ಕೈ ಒರೆಸಿಕೊಂಡು ಜೇಬಿನಿಂದ ಮೊಬೈಲು ತೆಗೆದ. ಜಗಳಕ್ಕೆ ಬಂದವನಂತೆ ಇರಲಿಲ್ಲ, ವಿಳಾಸ ಕೇಳಿದವರಿಗೆ ತೋರಿಸುವಂತೆ ತೋರಿಸಿದ. ಅದರಲ್ಲಿ ನನ್ನ ಅರ್ಜಿ. ನನ್ನ ಅಕ್ಷರ, ನನ್ನ ಪೂರ್ವಕ್ಕೆ-ಪಶ್ಚಿಮಕ್ಕೆ. "ಯಾರೋ ಕಳಿಸ್ಯಾರ್ರಿ. ಭಾಳ ಛಂದ ಬರದಾರ್ರಿ. ಯಾರನ್ನೂ ಕೇಳೂದ ಬೀಳಲಿಲ್ಲ," ಎಂದ.

ಜೀವಮಾನವಿಡೀ ಎದುರಿನವನಿಗೆ ಎರಡು ಮಾತು ಹೆಚ್ಚು ಆಡಿದವನು ನಾನು, ಅವತ್ತು ಒಂದು ಶಬ್ದ ಹೊರಡಲಿಲ್ಲ. ಗಾಡಿ ಹೋಯಿತು. ಕಾಕಾ ಮೊಣಕಾಲುದ್ದ ನೀರಿನಲ್ಲಿ ನಿಂತು ಬೊಗಸೆಯಿಂದ ನೀರೆತ್ತಿ ನೋಡುವರು, ಚೆಲ್ಲುವರು, ಮತ್ತೆ ಎತ್ತುವರು. ನನ್ನ ಕಡೆ ತಿರುಗಲಿಲ್ಲ. ನನ್ನ ಮೇಲೆ ನನಗೆ ಬಂದ ಹೇಸಿಗೆಯನ್ನು ಹೇಗೆ ಹೇಳಲಿ? ಮನೆಗೆ ಬಂದು ಹೆಂಡತಿಗೆ ಹೇಳಲು ನನಗೆ ಎರಡು ದಿನ ಹಿಡಿಯಿತು.

ಬುಧವಾರ ಶಾಸಕರು ಮಾತಿಗೆ ತಪ್ಪದೆ ಬಂದರು, ಇಬ್ಬರು ಅಧಿಕಾರಿಗಳೊಂದಿಗೆ. ಅರ್ಜಿ ಕೈಯಲ್ಲಿ ಹಿಡಿದು ಪಂಪ್‌ಸೆಟ್ ಮನೆ ನೋಡಿದರು, ಜೋಡಿ ಬಂಡೆ ನೋಡಿದರು, ನೀರಿಗೆ ಬಗ್ಗಿದರು. ನೀರು ಆಗಲೇ ತಿಳಿಯಾಗಿತ್ತು. ತಳದ ಕಲ್ಲು ಕಾಣುತ್ತಿತ್ತು. ಒಂದೂ ಮೀನಿರಲಿಲ್ಲ.

"ಎಲ್ಲದಾವ್ರೀ?" ಎಂದರು.

"ಹೋದೂವ್ರಿ ಸಾಹೇಬ್ರ," ಎಂದೆ. "ನಾನ ಜಾಗಾ ತೋರಿಸಿಕೊಟ್ಟೇನ್ರಿ. ಅರ್ಜಿ ಊರ ತುಂಬ ಹಂಚಿದೆ." ಇಡೀ ಸಂಗತಿ ಹೇಳಿದೆ. ಹೇಳುತ್ತ ಹೇಳುತ್ತ ನಾಚಿಕೆಯಿಲ್ಲದೆ ಅತ್ತೆ.

ಶಾಸಕರು ನನ್ನನ್ನು ಬಯ್ದಿದ್ದರೆ ಹಗುರಾಗುತ್ತಿತ್ತು. ಬಯ್ಯಲಿಲ್ಲ. ನನ್ನ ಪಕ್ಕದಲ್ಲಿದ್ದ ಕಾಕಾನ ಕಡೆ ತಿರುಗಿದರು. "ಹಿರೇರ, ಬ್ಯಾರೆ ಎಲ್ಲೆರ ಉಳದಿದ್ರ ಹೇಳ್ರಿ. ಈ ಸಲ ಕಾಗದ ಬ್ಯಾಡ, ಬಾಯಿಲೆ ಹೇಳ್ರಿ. ನಾಳೇನ ಅಲ್ಲಿ ಬಲಿ ಬಂದ್ ಮಾಡಸ್ತೇನಿ."

"ಇಲ್ರೀ ಸಾಹೇಬ್ರ," ಎಂದರು ಕಾಕಾ. "ಮತ್ತೆಲ್ಲೂ ಇಲ್ಲ."

ಗಾಡಿಗಳು ಹೋದವು. ನಾವಿಬ್ಬರೇ ಉಳಿದೆವು. ಅವರು ಆ ಉತ್ತರವನ್ನು ಎಷ್ಟು ಬೇಗ ಕೊಟ್ಟರು ಎಂಬುದು ನನ್ನ ತಲೆಯಲ್ಲಿ ತಿರುಗುತ್ತಿತ್ತು. ಯಾವುದಕ್ಕೂ ಥಟ್ಟನೆ ಉತ್ತರ ಕೊಡುವ ಮನುಷ್ಯ ಅಲ್ಲ ಅದು. ಚಿಕ್ಕಂದಿನಲ್ಲಿ ಕುರಿಯ ಹಿಂದೆ ಎರಡೂ ದಂಡೆ ತುಳಿದವರು. ಇನ್ನೊಂದು ಮಡು ಇದ್ದರೆ, ಒಂದು ಫೋನಿನಲ್ಲಿ ಅದಕ್ಕೆ ಕಾವಲು ಸಿಗುತ್ತಿತ್ತು. ಶಾಸಕರು ಇನ್ನೂ ಬ್ಯಾರೇಜು ದಾಟಿರಲಿಕ್ಕಿಲ್ಲ.

"ಕಾಕಾ," ಎಂದೆ, "ಖರೇನ ಮತ್ತೆಲ್ಲೂ ಇಲ್ಲೇನ್ರಿ?"

ಅವರು ಧೋತರದ ಅಂಚಿನಿಂದ ಕಾಲಿನ ಮರಳು ಒರೆಸಿಕೊಂಡರು. ಚಪ್ಪಲಿ ಮೆಟ್ಟಿಕೊಂಡರು. ನನ್ನ ಮುಖವನ್ನು, ಆ ಭಾನುವಾರದ ನಂತರ ಮೊದಲ ಸಲ, ನೆಟ್ಟಗೆ ನೋಡಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಇದ್ರೂ ನಿನಗ ಹೇಳಾಂಗಿಲ್ಲೋ ತಮ್ಮಾ," ಎಂದರು.