ಹದಿನೈದು ನಿಮಿಷ ಮುಂದಿದ್ದ ಗಡಿಯಾರ

ಮಗಳಿಗೆ ಕಾಲೇಜು ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತ್ತು, ಟ್ರಂಕೂ ತುಂಬಿಯಾಗಿತ್ತು. ಅದೇ ವಾರ ಅಪ್ಪನಿಗೆ ಲಕ್ವ ಹೊಡೆಯಿತು. ನಲವತ್ತು ವರ್ಷ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಊರವರ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿದವನ ಬಲಗೈ ಕೊರಡಾಯಿತು. ಅವನನ್ನು ಎತ್ತಿ ಸ್ನಾನ ಮಾಡಿಸಲು ಇಬ್ಬರು ಬೇಕು, ಅಮ್ಮ ಒಬ್ಬಳೇ. ಮಗಳು ಟ್ರಂಕು ಬಿಚ್ಚಿದಳು.

ಅಂದಿನಿಂದ ಮೂರು ವರ್ಷ ದಿನಾ ಕಾಲೇಜಿಗೆ ಹೋಗಿಬರೋದಕ್ಕೆ ಐದು ಗಂಟೆ ಹಿಡಿಯುತ್ತಿತ್ತು. ನಸುಕಿನಲ್ಲೇ ಅಪ್ಪನ ಸ್ನಾನ ಮುಗಿಸಿ ಆರೂ ಹತ್ತರ ಬಸ್ಸು ಹಿಡಿಯಬೇಕು. ಅದು ತಪ್ಪಿದರೆ ಇನ್ನೊಂದಕ್ಕೆ ಒಂದು ಗಂಟೆ ಕಾಯಬೇಕು. ಕ್ಲಾಸಿನವರು ಅವಳಿಗೆ ‘ಮೊದಲ ಬಸ್ಸು’ ಅಂತಲೇ ಹೆಸರಿಟ್ಟಿದ್ದರು. ಗೇಲಿ ಮಾಡಲಿ ಬಿಡಿ, ಅವಳಷ್ಟು ಹಾಜರಿ ಅವರಲ್ಲಿ ಒಬ್ಬರಿಗೂ ಇರಲಿಲ್ಲ.

ಬಸ್ಸು ತಪ್ಪದಿರಲೆಂದು ಅಮ್ಮ ಗೋಡೆ ಗಡಿಯಾರವನ್ನು ಹದಿನೈದು ನಿಮಿಷ ಮುಂದಿಟ್ಟಿದ್ದಳು. ಮಗಳಿಗೆ ಅದು ಗೊತ್ತಿತ್ತು. ಗಡಿಯಾರ ಆರೂಕಾಲು ತೋರಿಸಿದರೆ ನಿಜವಾದ ಹೊತ್ತು ಆರು, ಆಗ ಹೊರಟರೆ ಸಾಕು. ಮೈಗೆ ಹತ್ತಿದ ಈ ಲೆಕ್ಕದಿಂದಾಗಿ ಫೋನು ಬ್ಯಾಗಿನಿಂದ ಆಚೆಗೇ ಬರುತ್ತಿರಲಿಲ್ಲ.

ಕೊನೆಯ ವರ್ಷದ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆ. ಒಂಬತ್ತೂವರೆಯ ಮೇಲೆ ಲ್ಯಾಬಿನೊಳಗೆ ಬಿಡುವುದಿಲ್ಲ. ಅವತ್ತೂ ಗಡಿಯಾರ ಆರೂಕಾಲು ತೋರಿಸಿದಾಗಲೇ ಹೊರಟಳು. ಸ್ಟಾಪಿನಲ್ಲಿ ನರಪಿಳ್ಳೆಯಿರಲಿಲ್ಲ. ಪೇಪರ್ ಹಂಚುವವನು ಸೈಕಲ್ ನಿಲ್ಲಿಸಿ, “ಇದೇನಮ್ಮ ಇವತ್ತು? ನಿನ್ ಬಸ್ಸು ಆಗ್ಲೇ ಹೋಯ್ತಲ್ಲ” ಅಂದ. ಫೋನು ತೆಗೆದು ನೋಡಿದಳು. ಆರೂ ಇಪ್ಪತ್ತೈದು.

ಲ್ಯಾಬಿನ ಬಾಗಿಲು ಮುಟ್ಟುವಾಗ ಒಂಬತ್ತೂ ಮುಕ್ಕಾಲು. ಅಟೆಂಡರ್ ತಲೆ ತಗ್ಗಿಸಿದ. “ನಾನೇನ್ ಮಾಡ್ಲಿ ತಾಯಿ, ಹೊರಗಿನ ಪರೀಕ್ಷಕರು ಬಂದಿದ್ದಾರೆ. ಮುಂದಿನ್ ವರ್ಷ ಜೂನಿಯರ್‌ಗಳ ಜೊತೆ ಕೂತ್ಕೋ.” ಮೂರು ವರ್ಷದ ದುಡಿಮೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮರಳುವ ದಾರಿಯುದ್ದಕ್ಕೂ ಆ ಗಡಿಯಾರವನ್ನು ನೆಲಕ್ಕೆ ಅಪ್ಪಳಿಸಬೇಕು ಅಂದುಕೊಂಡೇ ಬಂದಳು. ಗಾರ್ಮೆಂಟ್ಸ್ ಫ್ಯಾಕ್ಟರಿಯಿಂದ ಅಮ್ಮ ಇನ್ನೂ ಬಂದಿರಲಿಲ್ಲ. ಅಪ್ಪ ಮಂಚದ ಮೇಲೆ ತಾನಾಗಿಯೇ ಎದ್ದು ಕೂತಿದ್ದ. ಸೊಟ್ಟ ಬಾಯಲ್ಲಿ ನಗುತ್ತ ಬಲಗೈಯನ್ನು ನಡುಗಿಸುತ್ತ ಎತ್ತಿ ಗಡಿಯಾರದತ್ತ ತೋರಿಸಿದ.

“ನಿನ್ನೆ... ನೀವಿಲ್ದಾಗ... ಪಕ್ಕದ್ಮನೆ ಹುಡುಗನ ಕೈಲಿ ಇಳಿಸ್ಕೊಂಡೆ. ಮೂರು ವರ್ಷ ಕಣ್ಮುಂದೆ ತಪ್ಪು ಟೈಮು... ಈ ಕೈಲೇ... ತಿರುಗಿಸ್ದೆ ಮಗಾ.”

ಮೂರು ವರ್ಷದಲ್ಲಿ ಆ ಕೈ ಮಾಡಿದ ಮೊದಲ ಕೆಲಸ ಅದು. ಅವಳಿಗೆ ಅಳು ಬಂತು, ಅವನು ಖುಷಿಗೆ ಅಂದುಕೊಂಡ.

ಸಂಜೆ ಅಮ್ಮ ಬಂದಳು. “ಪರೀಕ್ಷೆ ಹೇಗಾಯ್ತೇ?” ಅನ್ನುತ್ತಲೇ ಗಡಿಯಾರ ನೋಡಿ, ಫೋನು ನೋಡಿ, “ಅಯ್ಯೋ, ಇದ್ಯಾಕೆ ಹಿಂದೆ ಹೋಗಿದೆ?” ಎಂದು ಸ್ಟೂಲು ಎಳೆದುಕೊಂಡಳು. ಮುಳ್ಳಿನತ್ತ ಚಾಚಿದ ಅವಳ ಕೈಯನ್ನು ಮಗಳು ಗಟ್ಟಿಯಾಗಿ ಹಿಡಿದಳು.

“ಬೇಡಮ್ಮ. ಅಪ್ಪ ಸರಿಮಾಡಿದ್ದು.”

ಅಮ್ಮ ಮಗಳ ಮುಖ ನೋಡಿದಳು. ಬಿಡಿಸಿ ಹೇಳಬೇಕಾಗಲಿಲ್ಲ. ಸ್ಟೂಲಿನ ಮೇಲೆಯೇ ಕುಸಿದು ಸೆರಗು ಬಾಯಿಗೊತ್ತಿಕೊಂಡಳು.

“ಸರಿ... ಇದ್ಯಾ?” ಮಂಚದಿಂದ ಅಪ್ಪ ಕೇಳಿದ.

“ಒಂದು ನಿಮಿಷಾನೂ ಆಚೀಚೆ ಇಲ್ಲಪ್ಪ” ಅಂದಳು ಮಗಳು.